ದೇಶದ ದೀರ್ಘಾವಧಿ ಮೂಲಸೌಕರ್ಯ ಯೋಜನೆಯಲ್ಲಿ ಯುವ ವೃತ್ತಿಪರರಿಗೆ ಏಕೆ ಜಾಗ ಬೇಕು?

ದೊಡ್ಡ ರೈಲುಮಾರ್ಗವೋ ಜಲಾಶಯವೋ ಕಾಗದದಿಂದ ನೆಲಕ್ಕಿಳಿಯಲು ಹತ್ತು-ಹದಿನೈದು ವರ್ಷ ಹಿಡಿಯುವುದು ಅಪರೂಪವಲ್ಲ. ಅಷ್ಟರಲ್ಲಿ ಯೋಜನೆ ಬರೆದವರಲ್ಲಿ ಅನೇಕರು ನಿವೃತ್ತರಾಗಿರುತ್ತಾರೆ. ಅದನ್ನು ನಡೆಸಿ, ದುರಸ್ತಿ ಮಾಡಿಸಿ, ತೆರಿಗೆಯ ಮೂಲಕ ಸಾಲ ತೀರಿಸುವವರು ಇಂದಿನ ಕಿರಿಯರೇ.

ಬ್ರಿಟನ್ ಇದಕ್ಕೊಂದು ದಾರಿ ಹುಡುಕಿತ್ತು. 2015ರಲ್ಲಿ ಸ್ಥಾಪನೆಯಾದ ಅಲ್ಲಿನ ರಾಷ್ಟ್ರೀಯ ಮೂಲಸೌಕರ್ಯ ಆಯೋಗವು ಸಾರಿಗೆ, ಇಂಧನ, ನೀರು, ಪ್ರವಾಹ ತಡೆ, ತ್ಯಾಜ್ಯ, ಡಿಜಿಟಲ್ ಸಂಪರ್ಕಗಳ ದೀರ್ಘಾವಧಿ ಅಗತ್ಯಗಳನ್ನು ಅಳೆದು 2018 ಮತ್ತು 2023ರಲ್ಲಿ ವರದಿ ಕೊಟ್ಟಿತು. ಅದರ ಜೊತೆ ಯುವ ವೃತ್ತಿಪರರ ಸಮಿತಿಯೂ ಕೆಲಸ ಮಾಡಿತು. (2025ರಲ್ಲಿ ಆಯೋಗದ ಹೊಣೆ ಹೊಸ ಸಂಸ್ಥೆಗೆ ಹೋಯಿತು.)

ಸಮಿತಿ ರಚಿಸಿದರಷ್ಟೇ ಸಾಲದು, ಅವರನ್ನು ಯಾವಾಗ ಕರೆಯುತ್ತೀರಿ ಎಂಬುದೇ ಮುಖ್ಯ. ಕರಡು ಸಿದ್ಧವಾದ ಮೇಲೆ ಅಭಿಪ್ರಾಯ ಕೇಳಿದರೆ ಅದು ಬರೀ ಶಾಸ್ತ್ರ. ಮುಂದಿನ ಮೂವತ್ತು ವರ್ಷ ಜನ ಎಲ್ಲಿ ನೆಲೆಸುತ್ತಾರೆ, ಹೇಗೆ ಓಡಾಡುತ್ತಾರೆ, ಎಷ್ಟು ವಿದ್ಯುತ್ ಬಳಸುತ್ತಾರೆ ಎಂಬ ಊಹೆಗಳನ್ನು ಕಟ್ಟುವಾಗಲೇ ಅವರು ಚರ್ಚೆಯಲ್ಲಿರಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ನಿಲ್ಲುವುದು ಆ ಊಹೆಗಳ ಮೇಲೆಯೇ. ಎಂಜಿನಿಯರುಗಳ ಜೊತೆ ಪರಿಸರ, ಹಣಕಾಸು, ದತ್ತಾಂಶ ಕ್ಷೇತ್ರದವರೂ, ರಾಜಧಾನಿಯಾಚೆಯವರೂ ಬೇಕು. ಅವರ ಸಲಹೆ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಕೆಲಸದ ವೇಳೆಯಲ್ಲೇ ಭಾಗವಹಿಸಲು ಉದ್ಯೋಗದಾತರು ಬಿಡಬೇಕು.