ಲಾಕ್‌ಡೌನ್‌ನಲ್ಲಿ ಹಳ್ಳಿಗೆ ಹೋದವರಿಗೆ ದಿನಾ ಅದೇ ಊರು ಸುತ್ತಿ ಬೇಸರ ಬರಲಿಲ್ಲವೇ?

ಬೇಸರ ಬರಬೇಕಾದರೆ ಮೊದಲು ಒಂದು ಸುತ್ತು ಮುಗಿಯಬೇಕಲ್ಲ. ನನ್ನದು ಮುಗಿಯುತ್ತಲೇ ಇರಲಿಲ್ಲ.

ನಮ್ಮೂರು ಬೇಲೂರು ತಾಲ್ಲೂಕಿನಲ್ಲಿ, ಹಳೇಬೀಡಿನ ಕಡೆಗಿದೆ. ಪಡುವಲಿಗೆ ಹೋದಷ್ಟೂ ಕಾಫಿ, ಮೂಡಲಿಗೆ ರಾಗಿ, ಆಲೂಗಡ್ಡೆ, ತೆಂಗು. 2020ರ ಮಾರ್ಚ್ 23ರ ರಾತ್ರಿ ಬೆಂಗಳೂರಿನಿಂದ ಗೆಳೆಯನ ಬೈಕಿನಲ್ಲಿ ಬಂದಿಳಿದೆ. 25ಕ್ಕೆ ಯುಗಾದಿ, ಅವತ್ತಿನಿಂದಲೇ ದೇಶಕ್ಕೆಲ್ಲ ಬೀಗ. ಹೊಸ ಸಂವತ್ಸರದ ಹೆಸರು ಶಾರ್ವರಿ. ‘ಹಂಗಂದ್ರೆ ರಾತ್ರಿ ಕಣಪ್ಪ’ ಅಂದ ಅಪ್ಪ ಪಂಚಾಂಗ ಮಡಚಿಟ್ಟರು. ಅಮ್ಮ ನನ್ನನ್ನು ಕೊಟ್ಟಿಗೆ ಪಕ್ಕದ ಕೋಣೆಗೆ ಹಾಕಿದಳು, ಹದಿನಾಲ್ಕು ದಿನ. ಒಬ್ಬಟ್ಟು ಕಿಟಕಿಯಿಂದ ಬಂತು. ಮಾರನೇ ದಿನ ವರ್ಷತೊಡಕಿಗೆ ಪೇಟೆಯ ಅಂಗಡಿ ನೆಚ್ಚಿಕೊಳ್ಳುವಂತಿರಲಿಲ್ಲ, ಊರಿನವರೇ ಕುರಿ ಕಡಿದು ಗುಡ್ಡೆ ಹಾಕಿ ಹಂಚಿಕೊಂಡಿದ್ದರು. ಆ ಗುಡ್ಡೆ ಬಾಡಿನ ಸಾರೂ ಕಿಟಕಿಯಿಂದಲೇ.

ಹೊರಬಿದ್ದಿದ್ದು ಏಪ್ರಿಲ್ 6ರ ಬೆಳಿಗ್ಗೆ. ಹಿಂದಿನ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಹಚ್ಚಿದ್ದರಲ್ಲ, ಮನೆ ಮನೆಯ ಹೊಸ್ತಿಲಲ್ಲಿ ಕರಕಲು ಬತ್ತಿಯ ಹಣತೆ ಇನ್ನೂ ಕೂತಿದ್ದವು. ಊರ ಬಾಗಿಲಲ್ಲಿ ಜಾಲಿ ಮುಳ್ಳು ಎಳೆದು ದಾರಿ ಮುಚ್ಚಿದ್ದರಿಂದ ನಡೆಯಲು ಉಳಿದಿದ್ದು ಊರಿನ ಸುತ್ತಳತೆ ಮಾತ್ರ: ಅರಳಿಕಟ್ಟೆ, ಕೆರೆ ಏರಿ, ಕೋಡಿ, ಗೋಮಾಳ, ಗುಂಡುತೋಪು, ಮತ್ತೆ ಮನೆ. ಫೋನಿನ ಲೆಕ್ಕದಲ್ಲಿ ಮೂರೂವರೆ ಕಿಲೋಮೀಟರ್. ಮೊದಲ ದಿನ ನಲವತ್ತು ನಿಮಿಷ ಹಿಡಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಎರಡನೇ ದಿನದಿಂದ ತನಿಖೆ ಶುರು. ‘ಎಲ್ಗ್ ಹೊಂಟೆ?’ ಹಳ್ಳಿಯಲ್ಲಿ ಇದು ಕುಶಲ ಪ್ರಶ್ನೆ, ಆದರೆ ಉತ್ತರ ಕೊಡಲೇಬೇಕು. ‘ಸುಮ್ನೆ, ವಾಕಿಂಗು’ ಅಂದರೆ ಅದು ಉತ್ತರವಲ್ಲ. ಹೊಲಕ್ಕೆ ಹೋಗಬಹುದು, ಹಸು ಹುಡುಕಲು ಹೋಗಬಹುದು, ಜಗಳಕ್ಕೂ ಹೋಗಬಹುದು. ಸುಮ್ಮನೆ ಹೋಗಿ ಸುಮ್ಮನೆ ಬರುವವನನ್ನು ಏನಂತ ತಿಳಿಯೋದು? ಮೂರನೇ ಮನೆಯ ಅಜ್ಜಿ ಕೊನೆಗೆ ತಾನೇ ಪತ್ತೆ ಮಾಡಿ, ‘ಪಾಪ, ಈ ವಯಸ್ಗೇ ಶುಗರ್ರು’ ಅಂತ ಕೇರಿಗೆಲ್ಲ ಹೇಳಿತು. ನನಗಾಗ ಮೂವತ್ತೊಂದು. ಎರಡು ಮನೆಯವರು ಹಾಗಲಕಾಯಿ ಕಳಿಸಿದರು.

ಉಪಾಯ ಹೇಳಿದ್ದು ಅಪ್ಪ: ‘ಕೈಲಿ ಕುಡುಗೋಲು ಹಿಡ್ಕೊಂಡ್ ಹೋಗು.’ ನಿಜಕ್ಕೂ ಅಷ್ಟೇ ಸಾಕಾಯಿತು. ಕುಡುಗೋಲು ಹಿಡಿದವನನ್ನು ಯಾರೂ ಏನೂ ಕೇಳಲಿಲ್ಲ. ತಿಂಗಳುಗಟ್ಟಲೆ ಒಂದು ಹುಲ್ಲುಕಡ್ಡಿ ಕೊಯ್ಯದೆ ಆ ಕುಡುಗೋಲನ್ನು ಊರ ಸುತ್ತ ಮೆರವಣಿಗೆ ಮಾಡಿಸಿದೆ.

ಕೇಳುವುದು ಬಿಡದೆ ಉಳಿದವಳು ಒಬ್ಬಳೇ, ಕೆರೆಯಂಗಳದ ಟಿಟ್ಟಿಭ ಹಕ್ಕಿ. ಬೇಸಿಗೆಗೆ ನೀರು ಹಿಂದೆ ಸರಿದು ಒಣಗಿದ್ದ ಕಡೆ, ಬರೀ ಹರಳುಗಲ್ಲಿನ ನಡುವೆ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅನ್ನುವಂಥದ್ದೇನೂ ಇಲ್ಲ, ಮೊಟ್ಟೆಗೂ ಹರಳಿಗೂ ಒಂದೇ ಬಣ್ಣ. ತುಳಿಯುವುದರಲ್ಲಿದ್ದೆ. ಅದು ತಲೆಯ ಮೇಲೇ ಎರಗಿ ಅರಚಿದ ಮೇಲೆ ದಾರಿ ಬದಲಿಸಿ, ಮರಿ ಓಡಾಡುವವರೆಗೂ ಏರಿಯ ಆಚೆ ಮಗ್ಗುಲಿನಲ್ಲೇ ನಡೆದೆ.

ಹಾಗೆ ಬದಲಿಸಿದ್ದರಿಂದ ವೀರಗಲ್ಲು ಸಿಕ್ಕಿತು. ಸಿಕ್ಕಿತು ಅನ್ನುವುದು ದೊಡ್ಡ ಮಾತು. ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಮಾವಿನಕಾಯಿ ತಿಂದವನೇ ನಾನು. ಈ ಸಲ ಕುಡುಗೋಲಿಗೂ ಒಂದು ಕೆಲಸ ಸಿಕ್ಕಿ ಲಂಟಾನ ಸವರಿದೆ. ಕೆಳಗಿನ ಸಾಲಿನಲ್ಲಿ ದನಗಳು, ಬಿಲ್ಲು ಹಿಡಿದವನು. ಅಂದರೆ ತುರುಗೋಳಿನಲ್ಲಿ, ದನ ಹೊಡೆದೊಯ್ಯುವ ಕಾಳಗದಲ್ಲಿ, ಸತ್ತವನು. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ನೆತ್ತಿಯಲ್ಲಿ ಸೂರ್ಯ ಚಂದ್ರ. ಅಕ್ಷರ ಒಂದೂ ಇಲ್ಲ. ಬೇಲೂರು, ಹಳೇಬೀಡಿನ ದೇವಸ್ಥಾನಗಳಿಗೆ ಆಗ ಪ್ರವೇಶವಿರಲಿಲ್ಲ, ಅಲ್ಲಿಗೆ ಹೋಗುವ ಪ್ರವಾಸಿ ಬಸ್ಸುಗಳ ಸದ್ದೂ ಇರಲಿಲ್ಲ. ಇವನಿಗೆ ಬಾಗಿಲೇ ಇಲ್ಲದ್ದರಿಂದ ಇವನನ್ನು ಯಾರೂ ಮುಚ್ಚಲಿಲ್ಲ.

ಊರಿನ ಸಿಗ್ನಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೋಡಿಯ ಮೇಲೆ ಎರಡು ಕಡ್ಡಿ, ಉಳಿದ ಕಡೆ ದೇವರೇ ಗತಿ. ಆಫೀಸಿನ ಎಷ್ಟೋ ಮೀಟಿಂಗ್ ಕೋಡಿಯ ಮೇಲೇ ನಡೆದವು.

ಏಪ್ರಿಲ್ ಕೊನೆಗೆ ಭರಣಿ ಮಳೆ ಹನಿಯಿತು. ಆಮೇಲೆ ಸುತ್ತು ಮುಗಿಸುವ ಮಾತೇ ಇಲ್ಲ. ಒಬ್ಬರ ಹೊಲದಲ್ಲಿ ಟೊಮೇಟೊ ಗಿಡದಲ್ಲೇ ಕೊಳೆಯುತ್ತಿತ್ತು, ಕಿತ್ತ ಕೂಲಿಯೂ ಹುಟ್ಟುವುದಿಲ್ಲ ಅಂತ ಬಿಟ್ಟಿದ್ದರು. ‘ಬೇಕಾದಷ್ಟು ಕಿತ್ಕಂಡೋಗು’ ಅಂದರು, ಮುಖ ನೋಡದೆ. ದುಡ್ಡು ಕೊಡಲು ಹೋಗಿ ಬೈಸಿಕೊಂಡೆ. ಇನ್ನೊಂದು ಮನೆಯವರಿಗೆ ಆಲೂಗಡ್ಡೆಯ ಚಿಂತೆ. ನಮ್ಮ ಕಡೆ ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ, ಲಾರಿ ಬರುತ್ತದೋ ಇಲ್ಲವೋ ಅಂತ. ಬಂತು. ಮೇ ತಿಂಗಳ ಒಂದು ಬೆಳಿಗ್ಗೆ ಅವರ ಜಗಲಿ ದಾಟುವಾಗ ‘ಏಯ್ ಶುಗರ್ರು, ಬಾ ಇಲ್ಲಿ’ ಅಂತ ಕರೆದು ಈಳಿಗೆ ಮಣೆ ಮುಂದೆ ಕೂರಿಸಿದರು. ಪ್ರತಿ ಹೋಳಿಗೂ ಒಂದು ಕಣ್ಣಾದರೂ ಇರುವಂತೆ ಹೆಚ್ಚಬೇಕು. ನಾನು ಹೆಚ್ಚಿದವುಗಳಲ್ಲಿ ಕುರುಡು ಹೋಳೇ ಜಾಸ್ತಿ ಅಂತ ಸಾರಿಗೆ ಕಳಿಸಿದರು. ಅವತ್ತಿನ ಸುತ್ತಿಗೆ ಎರಡು ಗಂಟೆ ನಲವತ್ತು ನಿಮಿಷ.

ಇಷ್ಟು ಹೇಳಿ ಒಂದನ್ನು ಮುಚ್ಚಿಟ್ಟರೆ ಸರಿಯಲ್ಲ. ಮೇ ಎರಡನೇ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಒಂದೂ ಕೇಸಿರಲಿಲ್ಲ. ಮೊದಲ ಕೇಸುಗಳು ಮುಂಬೈಯಿಂದ ಮರಳಿದವರವು. ಅದೇ ವಾರ ಪಕ್ಕದೂರಿಗೆ ಹೋಗಬೇಕಾದ ಒಂದು ಸಂಸಾರ ನಮ್ಮ ಜಾಲಿ ಮುಳ್ಳಿನ ಆಚೆ ನಿಂತಿತ್ತು. ಗಂಡ, ಹೆಂಡತಿ, ಕಂಕುಳಲ್ಲಿ ಮಗು, ಎರಡು ಚೀಲ. ಸುತ್ತು ಹಾಕುತ್ತಾ ಅಲ್ಲಿಗೆ ಬಂದ ನಾನು, ಏಳು ವಾರದ ಹಿಂದೆ ಕಿಟಕಿಯಲ್ಲಿ ಒಬ್ಬಟ್ಟು ತಿಂದವನು, ಉಳಿದವರ ಜೊತೆ ನಿಂತು ‘ಎಲ್ಲಿಂದ ಬಂದಿದ್ದು?’ ಅಂತ ಜೋರಾಗಿ ಕೇಳಿದೆ. ಕೈಯಲ್ಲಿ ಕುಡುಗೋಲು ಬೇರೆ. ಆ ಹೆಂಗಸು ನನ್ನ ಮುಖ ನೋಡಲಿಲ್ಲ, ಕುಡುಗೋಲು ನೋಡಿದಳು. ಅವರು ಬಂದಿದ್ದು ಬೆಂಗಳೂರಿನಿಂದ, ಕಟ್ಟಡ ಕೆಲಸದವರು. ಗೋಮಾಳದ ದಾರಿ ತೋರಿಸಿದೆವು, ಹೊರಟರು. ನೀರು ಕೊಡಬೇಕಿತ್ತು ಅಂತ ಹೊಳೆದಿದ್ದು ಮನೆಗೆ ಬಂದು ನೀರು ಕುಡಿಯುವಾಗ. ಒಂದು ವಾರ ಕುಡುಗೋಲು ಬಿಟ್ಟು ತೂತಾದ ನೀರಿನ ಕ್ಯಾನ್ ಹಿಡಿದು ನಡೆದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬರಿಗೈಯಲ್ಲೇ ಹೊರಟೆ. ಅಜ್ಜಿಗೆ ಈಗ ಕಣ್ಣು ಮಂಜು, ಆದರೂ ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು ‘ಶುಗರ್ ಎಷ್ಟೈತೆ ಈಗ?’ ಅಂತ ಕೇಳಿತು. ಹೋದ ತಿಂಗಳ ರಿಪೋರ್ಟಿನಲ್ಲಿ ಬಾರ್ಡರ್ ಅಂತ ಬಂದಿದೆ. ‘ಕಮ್ಮಿ ಆಗೈತೆ ಅಜ್ಜಿ’ ಅಂದೆ.