ಮೈಸೂರಿನಲ್ಲಿ ಕಸದ ರಾಶಿ, ಕಸದ ಲಾರಿ, ಬಿಸಾಡಿದ ಸಾಮಾನುಗಳ ಫೋಟೋ ತೆಗೆಯಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡಲಿ?

ಹೊಸ ಕ್ಯಾಮೆರಾ ತಗೊಂಡಿದ್ದೀರಿ, ಅರಮನೆ, ಹಕ್ಕಿಗಳಿಗಿಂತ ಕಸದ ಗಾಡಿ, ಮುರಿದ ಕುರ್ಚಿ, ತಿಪ್ಪೆಗಳೇ ನಿಮ್ಮ ಕಣ್ಣು ಸೆಳೆಯುತ್ತವೆ ಅಂತ ಬರೆದಿದ್ದೀರಿ. ಮನೆಯವರು ಇದೇನು ಹುಚ್ಚು ಅಂತಾರೆ. ಸ್ವಚ್ಛ ನಗರ ಅಂತ ಹೆಸರಾದ ಊರಿನ ಕಸ ತೋರಿಸಿದರೆ ಊರಿಗೆ ಅವಮಾನ ಅಲ್ವಾ ಅನ್ನೋ ಅಳುಕೂ ನಿಮಗಿದೆ. ಯಾವ ಕ್ಯಾಮೆರಾ, ಎಲ್ಲಿ, ಹೇಗೆ ಅಂತಲೂ ಕೇಳಿದ್ದೀರಿ. ನನಗೆ ತಿಳಿದಷ್ಟು ಹೇಳ್ತೀನಿ.

ಮೊದಲು ಅವಮಾನದ ಮಾತು. ಊರುಗಳ ಸ್ವಚ್ಛತೆ ಅಳೆಯೋಕೆ ಕೇಂದ್ರ ಸರ್ಕಾರ ಮಾಡುವ ಸ್ವಚ್ಛ ಸರ್ವೇಕ್ಷಣೆಯಲ್ಲಿ 2016ರಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂತು. ಅದರ ಹಿಂದಿನ ವರ್ಷ 476 ನಗರಗಳ ಪಟ್ಟಿಯಲ್ಲೂ ಮೈಸೂರೇ ಮೊದಲು. ನನಗೆ ಇವತ್ತಿಗೂ ಅದು ಹೆಮ್ಮೆ. ಆದರೆ ನಮ್ಮ ಮನೆಗಳಲ್ಲಿ ಕಸ ಏನು ಕಮ್ಮಿ ಆಗ್ತಿದೆಯಾ? ನಾವು ಏಳೋ ಹೊತ್ತಿಗೆ ಯಾರೋ ಗುಡಿಸಿರುತ್ತಾರೆ, ಯಾರೋ ಹೊತ್ತೊಯ್ಯುತ್ತಾರೆ, ಇನ್ಯಾರೋ ಕೂತು ಬೇರೆ ಮಾಡುತ್ತಾರೆ. ಅದನ್ನು ತೋರಿಸುವ ಫೋಟೋ ಊರಿಗೆ ಹೇಗೆ ಅವಮಾನ ಆಗುತ್ತೆ?

ನಾನು ಮದುವೆ ಫೋಟೋ ತೆಗೆಯುವವನು. ಊರು ಮಂಡ್ಯದ ಕಡೆ, ಕೆಲಸ ಮೈಸೂರಲ್ಲಿ. ಈ ಗೀಳು ಹತ್ತಿದ್ದು ಒಂದು ಛತ್ರದ ಹಿಂಬದಿಯಲ್ಲಿ. ಮುಹೂರ್ತ ಮುಗಿದು ಎರಡನೇ ಪಂಕ್ತಿ ಊಟ ನಡೀತಿತ್ತು. ಸ್ವಲ್ಪ ಗಾಳಿ ತಗೊಳ್ಳೋಣ ಅಂತ ಹಿಂದಿನ ಬಾಗಿಲಿಂದ ಆಚೆ ಹೋದೆ. ಎಂಜಲೆಲೆಗಳ ರಾಶಿ ನನ್ನ ಎದೆಯೆತ್ತರ ಇತ್ತು. ಅದರ ಮೇಲೆ ಹಿಂದಿನ ರಾತ್ರಿಯ ರಿಸೆಪ್ಷನ್ ಸ್ಟೇಜ್ ಬಿಚ್ಚಿ ಹಾಕಿದ್ದರು. ಹುಡುಗ ಹುಡುಗಿ ಹೆಸರಿನ ಥರ್ಮೋಕೋಲ್ ಅಕ್ಷರಗಳು ಚೂರು ಚೂರಾಗಿದ್ದವು. ನಡುವಿನ 'ವೆಡ್ಸ್' ಅನ್ನೋ ಪದ ಮಾತ್ರ ಪೂರ್ತಿ ಉಳಿದು, ಪಾಯಸ ಮೆತ್ತಿದ ಬಾಳೆಲೆಗೆ ಒರಗಿ ನಿಂತಿತ್ತು. ಒಳಗೆ ಮಧುಮಕ್ಕಳು ಇನ್ನೂ ಊಟಕ್ಕೂ ಕೂತಿರಲಿಲ್ಲ. ಅವತ್ತು ನಾನು ಸಾವಿರಕ್ಕೂ ಜಾಸ್ತಿ ಫೋಟೋ ತೆಗೆದೆ. ಈಗಲೂ ತೆಗೆದು ನೋಡುವುದು ಅದೊಂದನ್ನೇ.

ಅದರಿಂದ ಕಲಿತದ್ದು ಒಂದು. ಬರೀ ರಾಶಿ ತೆಗೆದರೆ ನೋಡುವವರು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ರಾಶಿಯೊಳಗಿನ ಒಂದು ವಸ್ತು ತೆಗೆಯಿರಿ. ಅದನ್ನು ಬಿಟ್ಟ ಕೈ ಒಂದಿದೆ, ಮುಂದೆ ಎತ್ತಿಕೊಳ್ಳುವ ಕೈ ಇನ್ನೊಂದಿದೆ. ಆ ಎರಡು ಕೈಗಳ ಗುರುತು ಫೋಟೋದಲ್ಲಿರಬೇಕು. ಒಂದು ಹಳೇ ಕುರ್ಚಿಯ ಫೋಟೋ ಚೆನ್ನಾಗಿ ಬರೋದು ಅದರ ಮುರಿದ ಕಾಲಿನಿಂದಲ್ಲ, ಬಿಸಾಡುವ ಮುಂಚೆ ಯಾರೋ ಆ ಕಾಲಿಗೆ ಸುತ್ತಿದ ತಂತಿಯಿಂದ.

ಶುರು ನಿಮ್ಮ ಮನೆ ಬಾಗಿಲಿಂದಲೇ ಮಾಡಿ. ಬೆಳಿಗ್ಗೆ ಬೀದಿಗೆ ಕಸದ ಆಟೋ ಬರುತ್ತದಲ್ಲ, ಮೊದಲ ವಾರ ಕ್ಯಾಮೆರಾ ಇಲ್ಲದೆ ಅದರ ಹಿಂದೆ ಸುಮ್ನೆ ನಡೆಯಿರಿ. ಡ್ರೈವರ್ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಆಟೋದಿಂದ ಕಸ ಎಲ್ಲಿ ದೊಡ್ಡ ಗಾಡಿಗೆ ಹೋಗುತ್ತೆ, ಎಲ್ಲಿ ಹಸಿ ಕಸ ಒಣ ಕಸ ಬೇರೆ ಆಗುತ್ತೆ ಅಂತ ಅವರೇ ಹೇಳುತ್ತಾರೆ. ಕುಂಬಾರಕೊಪ್ಪಲಿನಲ್ಲಿ ಇರುವಂಥ, ಕಸ ಬೇರೆ ಮಾಡಿ ಮರುಬಳಕೆಗೆ ಕಳಿಸುವ ಶೂನ್ಯ ತ್ಯಾಜ್ಯ ಘಟಕಗಳು ನೋಡಬೇಕಾದ ಜಾಗ. ವಿದ್ಯಾರಣ್ಯಪುರಂ ಆಚೆಯ ಸೂಯೇಜ್ ಫಾರಂ ಹೆಸರು ಮೈಸೂರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ವರ್ಷಗಟ್ಟಲೆ ಬಿದ್ದ ಕಸ ಅಲ್ಲಿ ದಿಬ್ಬವಾಗಿ ನಿಂತಿತ್ತು. ಆ ಹಳೇ ಕಸ ಅಗೆದು ಜರಡಿ ಹಿಡಿಯುವ ಕೆಲಸವೂ ಅಲ್ಲಿ ನಡೆದಿದೆ. ಬೀದಿಯಲ್ಲಿ ತೆಗೆಯೋಕೆ ತೊಂದರೆ ಇಲ್ಲ, ಆದರೆ ಇಂಥ ಘಟಕಗಳ ಗೇಟಿನೊಳಗೆ ಹೋಗಲು ಪಾಲಿಕೆಗೆ ಪತ್ರ ಬರೆದು ಅನುಮತಿ ತಗೊಳ್ಳಿ. ಕಾಂಪೌಂಡ್ ಹಾರಿ ಹೋದರೆ ಬೈಸಿಕೊಳ್ಳುವುದು ನೀವಲ್ಲ, ಅಲ್ಲಿನ ಕಾವಲುಗಾರ.

ಲಾರಿ ವಿಷಯಕ್ಕೆ ಬರೋಣ. ಟಿಪ್ಪರ್ ತನ್ನ ತೊಟ್ಟಿ ಎತ್ತುವುದನ್ನು ಒಂದೆರಡು ಸಲ ಬರೀ ಕಣ್ಣಲ್ಲಿ ನೋಡಿ. ಒದ್ದೆ ಕಸ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ತೊಟ್ಟಿ ಮೇಲೇಳುತ್ತಾ ಹೋದರೂ ಸ್ವಲ್ಪ ಹೊತ್ತು ಏನೂ ಕದಲಲ್ಲ. ಆಮೇಲೆ ಒಂದೇ ಸಲಕ್ಕೆ ದೊಪ್ಪಂತ ಜಾರುತ್ತದೆ. ಆ ಜಾರುವ ಮುಂಚಿನ ಗಳಿಗೆ ನನಗೆ ಇಷ್ಟ. ಷಟರ್ ವೇಗ 1/500 ಸೆಕೆಂಡಿಗೆ ಇಟ್ಟರೆ ಗಾಳಿಯಲ್ಲಿರುವ ಒಂದೊಂದು ಕವರೂ ನಿಲ್ಲುತ್ತದೆ. ಸ್ಟ್ಯಾಂಡ್ ಮೇಲಿಟ್ಟು 1/15ಕ್ಕೆ ಇಳಿಸಿದರೆ ಲಾರಿ ಗಟ್ಟಿಯಾಗಿ ನಿಂತು ಕಸ ಮಾತ್ರ ನೀರಿನ ಹಾಗೆ ಹರಿಯುತ್ತದೆ. ಕಾಂಪ್ಯಾಕ್ಟರ್ ಲಾರಿ ಬೇರೆ ಥರ. ಅದರ ತೊಟ್ಟಿ ಮೇಲೇಳುವುದಿಲ್ಲ, ಒಳಗಿನ ತಟ್ಟೆ ಕಸವನ್ನು ಹಿಂದಕ್ಕೆ ತಳ್ಳುತ್ತದೆ. ಒತ್ತಿ ಒತ್ತಿ ಗಟ್ಟಿಯಾದ ಕಸ ನಿಧಾನಕ್ಕೆ ಆಚೆ ಬರುತ್ತದೆ, ಬಟ್ಟೆ, ಸೊಪ್ಪು, ಪೇಪರ್ ಎಲ್ಲ ಪದರ ಪದರವಾಗಿ. ಎರಡರಲ್ಲೂ ಪಕ್ಕದಲ್ಲೇ ನಿಲ್ಲಿ. ಲಾರಿ ಹಿಂದೆ ಯಾವತ್ತೂ ನಿಲ್ಲಬೇಡಿ, ಡ್ರೈವರಿಗೆ ನೀವು ಕಾಣಿಸುವುದಿಲ್ಲ.

ಕಸದ ಮೇಲೆ ಬೆಳ್ಳಕ್ಕಿ ಕೂತಿರುತ್ತವೆ. ರಾಶಿ ಕಪ್ಪಗಿರುವುದರಿಂದ ಕ್ಯಾಮೆರಾ ಜಾಸ್ತಿ ಬೆಳಕು ತಗೊಂಡು ಹಕ್ಕಿಗಳನ್ನು ಬರೀ ಬಿಳಿ ಚುಕ್ಕೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ.

ಲಾರಿ ಫೋಟೋಗೆ ವರ್ಷದಲ್ಲಿ ಒಂದು ದಿನ ತಪ್ಪಿಸಬೇಡಿ, ಆಯುಧಪೂಜೆ. ಅವತ್ತು ಕಸದ ಗಾಡಿಗಳಿಗೂ ಪೂಜೆ ಆಗುತ್ತದೆ. ತೊಳೆದು, ಮುಂದೆ ಎರಡು ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಗಾಜಿಗೆ ವಿಭೂತಿ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿರುತ್ತಾರೆ. ವರ್ಷವಿಡೀ ಜನ ಮುಖ ತಿರುಗಿಸುವ ಗಾಡಿ ಅವತ್ತು ಮದುವಣಗಿತ್ತಿಯ ಹಾಗಿರುತ್ತದೆ. ನಾನು ಮೊದಲ ಸಲ ಹೋದಾಗ ಡ್ರೈವರ್ ಬಿಳಿ ಪಂಚೆಯಲ್ಲಿ ನಿಂತಿದ್ದರು. ಗಾಡಿ ಜೊತೆ ತಮ್ಮದೊಂದು ಫೋಟೋ ಬೇಕು ಅಂತ ಅವರೇ ಕೇಳಿದರು. ತೆಗೆದು, ದೊಡ್ಡ ಪ್ರಿಂಟ್ ಹಾಕಿಸಿ ಕೊಟ್ಟೆ.

ಮರುದಿನ ಜಂಬೂಸವಾರಿ ಮುಗಿದ ಮೇಲೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದಾರಿ ನಡೆಯಿರಿ. ನೀರಿನ ಬಾಟಲಿ, ಪೀಪಿ, ಕೂರೋಕೆ ಹಾಸಿದ ನ್ಯೂಸ್‌ಪೇಪರ್. ಅದಕ್ಕಿಂತ ಹೆಚ್ಚಾಗಿ ಒಂಟಿ ಚಪ್ಪಲಿಗಳು. ಸಯ್ಯಾಜಿರಾವ್ ರಸ್ತೆಯಲ್ಲಿ ಒಬ್ಬ ಪೌರಕಾರ್ಮಿಕರು ಗುಡಿಸುತ್ತಾ ಮಕ್ಕಳ ಚಪ್ಪಲಿಗಳನ್ನು ಮಾತ್ರ ಬೇರೆ ತೆಗೆದು ಫುಟ್‌ಪಾತ್ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಯಾರಾದರೂ ಹುಡುಕಿಕೊಂಡು ಬಂದರೆ ಸಿಗಲಿ ಅಂತ.

ಈಗ ನಾನು ಮಾಡಿದ ತಪ್ಪು ಹೇಳಬೇಕು, ನೀವು ಅದನ್ನು ಮಾಡಬಾರದು. ಒಂದು ವಿಂಗಡಣಾ ಘಟಕದಲ್ಲಿ ಅನುಮತಿ ಪತ್ರ ಕೈಯಲ್ಲಿತ್ತು, ಹಾಗಾಗಿ ಎಲ್ಲರನ್ನೂ ತೆಗೆಯಬಹುದು ಅಂದುಕೊಂಡೆ. ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನ ಮುಖ ಕೇಳದೇ ತೆಗೆದೆ. ಒಳ್ಳೆಯ ಬೆಳಕಿತ್ತು. ಅವರು ಎದ್ದು ಬಂದು ಮೆಲ್ಲಗೆ ಹೇಳಿದರು, "ಮುಖ ತೆಗೀಬೇಡಿ ಕಣಣ್ಣ. ನಮ್ಮೂರಲ್ಲಿ ನಾನು ಮನೆಗೆಲಸಕ್ಕೆ ಹೋಯ್ತೀನಿ ಅಂದ್ಕಂಡವ್ರೆ. ಮಗಳ ಮದ್ವೆ ಮಾತು ನಡೀತಾ ಅದೆ."

ಅವರ ಮುಂದೆಯೇ ಅಳಿಸಿ ತೋರಿಸಿದೆ. ಅಧಿಕಾರಿಯ ಸಹಿ ಗೇಟಿಗೆ ಸಾಕು, ಮನುಷ್ಯರ ಮುಖಕ್ಕೆ ಸಾಲದು ಅಂತ ಅವತ್ತು ಗೊತ್ತಾಯಿತು. ಮದುವೆಯಲ್ಲಿ ಹುಡುಗಿಯ ಒಂದು ಕೂದಲು ಕೆದರಿದ್ದರೂ ಕಾದು, ಸರಿ ಮಾಡಿಸಿ ಕ್ಲಿಕ್ ಮಾಡುವ ನಾನು ಇಲ್ಲಿ ಯಾಕೆ ಕೇಳಲಿಲ್ಲ ಅನ್ನೋ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಮುಂದಿನ ವಾರ ಬರಿಗೈಯಲ್ಲಿ ಹೋಗಿ ಅವರ ಪಕ್ಕ ಕೂತೆ. ಅವರು ಪ್ಲಾಸ್ಟಿಕ್ಕನ್ನು ನೋಡಿ ಅಲ್ಲ, ಮುದುರಿ, ಸದ್ದು ಕೇಳಿ ಬೇರೆ ಮಾಡುತ್ತಿದ್ದರು. ಹಾಲಿನ ಕವರ್ ಮೆತ್ತಗೆ, ಸದ್ದು ಕಮ್ಮಿ, ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ. ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಪ್ಯಾಕೆಟ್ ಕುರುಕುರು ಅನ್ನುತ್ತದೆ. ಅದರಲ್ಲಿ ಬೇರೆ ಬೇರೆ ಪದರ ಅಂಟಿಸಿರುತ್ತಾರೆ, ಬಿಡಿಸೋಕೆ ಆಗಲ್ಲ. "ಬಿಟ್ಟಿ ಕೊಟ್ರೂ ಗುಜರಿಯವ್ನು ಮುಟ್ಟಲ್ಲ" ಅಂದರು. ಆಮೇಲೆ ಒಂದು ಹಾಲಿನ ಕವರ್ ಎತ್ತಿ ಅದರ ಮೂಲೆ ತೋರಿಸಿದರು. ಯಾರೋ ಮೂಲೆಯನ್ನು ಪೂರ್ತಿ ಕತ್ತರಿಸದೆ ಸ್ವಲ್ಪ ಅಂಟಿಕೊಂಡಿರುವಂತೆ ಬಿಟ್ಟಿದ್ದರು. ಪೂರ್ತಿ ಕತ್ತರಿಸಿದರೆ ಆ ಚೂರು ಕಸದಲ್ಲಿ ಕಳೆದೇ ಹೋಗುತ್ತದಂತೆ, ಯಾರೂ ಆಯಲಾರರು. "ಇವ್ರ ಮನೇವ್ರು ತಿಳಿದೋರು" ಅಂದರು. ಮೂರನೇ ಸಲ ಹೋದಾಗ ಅವರೇ "ಕೈ ಬೇಕಾದ್ರೆ ತಕ್ಕೊಳಿ" ಅಂದರು. ತುದಿ ಹರಿದ ಗ್ಲೌಸು, ಹೆಬ್ಬೆರಳು, ಆ ಹಾಲಿನ ಕವರಿನ ಮೂಲೆ, ಇಷ್ಟೇ ಫೋಟೋದಲ್ಲಿರೋದು. ನನ್ನ ಕೆಲಸದಲ್ಲೇ ಒಳ್ಳೆಯದು ಅದು.

ದಯವಿಟ್ಟು ಕಲರಿನಲ್ಲೇ ತೆಗೆಯಿರಿ. ಕಪ್ಪು ಬಿಳುಪು ಮಾಡಿದರೆ ಎಲ್ಲ ಊರಿನ ಕಸವೂ ಒಂದೇ ಥರ ಕಾಣುತ್ತದೆ. ಹಸಿರು ಬುಟ್ಟಿಗೂ ನೀಲಿ ಬುಟ್ಟಿಗೂ ಇರುವ ವ್ಯತ್ಯಾಸ, ಕುಂಕುಮದ ಕೆಂಪು ಎಲ್ಲ ಹೋಗಿಬಿಡುತ್ತದೆ. ಕಪ್ಪು ಬಿಳುಪಿನಲ್ಲಿ ಗೆದ್ದವರಿಲ್ಲ ಅಂತಲ್ಲ. ಅಮೆರಿಕದ ಇರ್ವಿಂಗ್ ಪೆನ್ ಫ್ಯಾಷನ್ ಫೋಟೋಗಳಿಗೆ ಹೆಸರಾದವರು. 1972ರಲ್ಲಿ ಅವರು ನ್ಯೂಯಾರ್ಕ್ ಬೀದಿಯಿಂದ ಸೇದಿ ಎಸೆದ ಸಿಗರೇಟ್ ತುಂಡುಗಳನ್ನು ತರಿಸಿಕೊಂಡು, ಸ್ಟುಡಿಯೋದಲ್ಲಿಟ್ಟು, ಪ್ಲಾಟಿನಂ ಲೋಹ ಬಳಸಿ ಕಪ್ಪು ಬಿಳುಪಿನ ಪ್ರಿಂಟ್ ಮಾಡಿದರು. 1975ರಲ್ಲಿ ಅಲ್ಲಿನ ಆಧುನಿಕ ಕಲೆಯ ಮ್ಯೂಸಿಯಂ ಅವನ್ನು ಪ್ರದರ್ಶನಕ್ಕಿಟ್ಟಿತು. ರೂಪದರ್ಶಿಗೆ ಕೊಡುವಷ್ಟೇ ಗಮನ ಒಂದು ತುಂಡಿಗೆ ಕೊಟ್ಟಿದ್ದರು. ಮನೆಯವರು ಹುಚ್ಚು ಅಂದಾಗ ಅವರಿಗೆ ಇದನ್ನು ತೋರಿಸಿ.

ಇನ್ನೊಂದು ಜಾಗ ಹೇಳಲೇಬೇಕು, ಅರಳಿಮರದ ಕಟ್ಟೆ. ಒಡೆದ ದೇವರ ಪಟವನ್ನು ಕಸಕ್ಕೆ ಹಾಕೋಕೆ ನಮಗೆ ಮನಸ್ಸು ಬರುವುದಿಲ್ಲ, ಮರದ ಬುಡದಲ್ಲಿಟ್ಟು ಕೈಮುಗಿದು ಬರುತ್ತೇವೆ. ಬಿಸಾಡಿದ್ದೂ ಹೌದು, ಬಿಸಾಡದೇ ಇದ್ದದ್ದೂ ಹೌದು. ಬಿಸಿಲಿಗೆ ಕೆಂಪು, ಹಳದಿ ಬೇಗ ಹೋಗಿ ಲಕ್ಷ್ಮಿ, ಗಣೇಶ ಎಲ್ಲ ನೀಲಿಯಾಗಿರುತ್ತಾರೆ. ಮೋಡದ ದಿನ ಹೋದರೆ ಗಾಜು ಹೊಳೆಯುವುದಿಲ್ಲ. ಪಟಗಳನ್ನು ಸರಿಸಬೇಡಿ, ಇದ್ದ ಹಾಗೇ ತೆಗೆಯಿರಿ. ಒಮ್ಮೆ ಅವುಗಳ ನಡುವೆ ಒಂದು ಮದುವೆ ಫೋಟೋ ಕಂಡೆ, ನನ್ನಂಥವರೇ ಯಾರೋ ತೆಗೆದದ್ದು. ತೆಗೆಯಲಾ ಅಂತ ಕೇಳೋಣ ಅಂದರೆ ಆ ಫೋಟೋದಲ್ಲಿರುವವರು ಎದುರಿಗಿಲ್ಲ. ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡು ಬಂದೆ.

ಮಂಡ್ಯ ಕಡೆ ಹೋದರೆ ನಿಂತುಹೋದ ಆಲೆಮನೆಗಳನ್ನು ನೋಡಿ. ಬೆಲ್ಲ ಕಾಯಿಸುತ್ತಿದ್ದ ಕೊಪ್ಪರಿಗೆ ಬೋರಲು ಬಿದ್ದಿರುತ್ತದೆ, ಅದರ ತಳದ ಮಸಿಯಲ್ಲಿ ಎಷ್ಟೋ ವರ್ಷದ ಬೆಂಕಿ ಇದೆ.

ಕ್ಯಾಮೆರಾ ಯಾವುದಾದರೂ ಆದೀತು. 35 ಎಂಎಂ ಲೆನ್ಸ್ ಒಂದೇ ಸಾಕು, ಅಲ್ಲಿ ಲೆನ್ಸ್ ಬದಲಿಸಿದರೆ ಧೂಳು ಸೆನ್ಸರಿಗೆ ಇಳಿಯುತ್ತದೆ. ದಪ್ಪ ತಳದ ಬೂಟು, ಎನ್95 ಮಾಸ್ಕ್ ಹಾಕಿಕೊಳ್ಳಿ. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತ ಡಾಕ್ಟರ್ ಹತ್ತಿರ ಕೇಳಿ. ಹೊಗೆಯಾಡುವ ಜಾಗದ ಮೇಲೆ ಕಾಲಿಡಬೇಡಿ. ಕೊಳೆತ ಕಸದಿಂದ ಮೀಥೇನ್ ಬರುತ್ತದೆ, ಮೇಲೆ ಗಟ್ಟಿ ಕಂಡರೂ ಒಳಗೆ ಉರಿಯುತ್ತಿರಬಹುದು. ಹೋಗುವಾಗ ಎರಡು ನೀರಿನ ಬಾಟಲಿ ಇಟ್ಟುಕೊಳ್ಳಿ, ಒಂದು ನಿಮಗೆ, ಇನ್ನೊಂದು ಅಲ್ಲಿರುವವರಿಗೆ. ಖಾಲಿ ಬಾಟಲಿ ವಾಪಸ್ ತನ್ನಿ.