ಮನೆಯಲ್ಲಿ ವಾಲ್ವ್ ಟೆಸ್ಲಾ ಕಾಯಿಲ್ ಮಾಡೋಕೆ 833ಎ ಒಂದು ಸಾಕಾ, ಎರಡು ಬೇಕಾ?

ಒಂದು ಸಾಕು. ಆದರೆ ನೀವು ಕೇಳಬೇಕಾಗಿದ್ದು ಇದನ್ನಲ್ಲ.

ಗಾಳಿಯಲ್ಲಿ ಉದ್ದ ಕಿಡಿ ಹಾರಿಸುವ ಟೆಸ್ಲಾ ಕಾಯಿಲಿಗೆ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ, ಒಂದು ಮೀಟರ್ ಕಿಡಿ ಬರಬೇಕು, 833ಎ ಅನ್ನೋ ದೊಡ್ಡ ವಾಲ್ವ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ಟ್ಯೂಬ್) ಒಂದು ಹಾಕಲಾ ಎರಡು ಹಾಕಲಾ ಅಂತ ಕೇಳಿದ್ದೀರಿ. ಪ್ರೈಮರಿ ಕಾಯಿಲಿನ ಜೊತೆ ಕೂರುವ ಟ್ಯಾಂಕ್ ಕ್ಯಾಪಾಸಿಟರ್ ಬಗ್ಗೆ ಮಾತ್ರ "ಅದನ್ನು ಹೇಗೋ ಹೊಂದಿಸ್ಕೋತೀನಿ" ಅಂತ ಬರೆದು ಮುಂದೆ ಹೋಗಿದ್ದೀರಿ. ಅದನ್ನು ಓದಿ ನನ್ನ ಎದೆ ಧಸಕ್ ಅಂತು. ನಾನೂ ಹೀಗೇ ಹೊಂದಿಸ್ಕೊಂಡಿದ್ದೆ.

ನಾನು ಮೊದಲು ಮಾಡಿದ್ದು ಸ್ಪಾರ್ಕ್ ಗ್ಯಾಪ್ ಕಾಯಿಲ್, ಅಂದ್ರೆ ವಾಲ್ವ್ ಬದಲು ಎರಡು ಲೋಹದ ತುದಿಗಳ ನಡುವೆ ಹಾರುವ ಕಿಡಿಯೇ ಸ್ವಿಚ್ ಆಗಿರೋದು. ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಬಾಕ್ಸ್ ಕ್ಯಾಪಾಸಿಟರ್‌ಗಳ ಸಾಲು, ಪಿವಿಸಿ ಪೈಪಿಗೆ ಸುತ್ತಿದ ತಂತಿ. ಕಿಡಿ ಬಂತು, ಜೊತೆಗೆ ಗಲಾಟೆಯೂ ಬಂತು. ಇಡೀ ರಸ್ತೆಗೆ ಕೇಳುವ ಚಟಪಟ. ಆಮೇಲೆ ಎಲ್ಲೋ ವಾಲ್ವ್ ಕಾಯಿಲಿನ ವಿಡಿಯೋ ನೋಡಿದೆ. ಅದರ ಕಿಡಿಗೆ ಕವಲು ಕಮ್ಮಿ. ನೆಟ್ಟಗೆ, ದಪ್ಪಗೆ ಮೇಲಕ್ಕೆ ಏಳುತ್ತೆ. ಹುಚ್ಚು ಹಿಡಿಯಿತು ಅನ್ನಿ.

ಪೀಣ್ಯದ ಗುಜರಿಯೊಂದರಲ್ಲಿ, ಪಿವಿಸಿ ಶೀಟ್ ಬೆಸೆಯುವ ಹೈ ಫ್ರೀಕ್ವೆನ್ಸಿ ಮಷೀನ್ ಬಿಚ್ಚಿ ಹಾಕಿದ್ದರು. ಅದರೊಳಗಿತ್ತು ನನ್ನ 833ಎ. ದೊಡ್ಡ ಗಾಜಿನ ಬುರುಡೆ, ಒಂದು ತುದಿಯಲ್ಲಿ ಪ್ಲೇಟ್ ಮತ್ತು ಗ್ರಿಡ್ಡಿನ ಕಂಬಗಳು, ಇನ್ನೊಂದು ತುದಿಯಲ್ಲಿ ಫಿಲಮೆಂಟಿನವು. ಬಿಸಿಯಾದ ಫಿಲಮೆಂಟಿನಿಂದ ಪ್ಲೇಟಿಗೆ ಎಲೆಕ್ಟ್ರಾನ್ ಹರಿಯುತ್ತವೆ, ಮಧ್ಯದ ಗ್ರಿಡ್ ಅದಕ್ಕೆ ನಲ್ಲಿ ಇದ್ದ ಹಾಗೆ. ಫಿಲಮೆಂಟಿಗೇ 10 ವೋಲ್ಟ್, 10 ಆಂಪಿಯರ್ ಬೇಕು. ಅಂದ್ರೆ ಹೈವೋಲ್ಟೇಜ್ ಕೊಡೋಕೆ ಮುಂಚೆಯೇ ನೂರು ವಾಟ್ ಬಲ್ಬ್ ಹಾಕಿದಷ್ಟು ಕರೆಂಟು ಹೋಗುತ್ತೆ. ಮೊದಲ ಸಲ ಫಿಲಮೆಂಟ್ ಹಚ್ಚಿದಾಗ ಅಮ್ಮ ಬಾಗಿಲಲ್ಲಿ ನಿಂತು, "ಇದಿಷ್ಟೇ ಸಾಕು, ಚೆನ್ನಾಗಿದೆ, ಇಲ್ಲಿಗೇ ನಿಲ್ಲಿಸು" ಅಂದರು. ಕೇಳಬೇಕಿತ್ತು.

ಸರ್ಕ್ಯೂಟ್ ನಿಮಗೆ ಗೊತ್ತಿರುತ್ತೆ, ಆದರೂ ಒಂದು ವಿಷಯ ಹೇಳಿಬಿಡ್ತೀನಿ. ಪ್ರೈಮರಿ ಕಾಯಿಲ್ ಮತ್ತು ಟ್ಯಾಂಕ್ ಕ್ಯಾಪಾಸಿಟರ್ ಸೇರಿ ಫ್ರೀಕ್ವೆನ್ಸಿ ತೀರ್ಮಾನ ಮಾಡುತ್ತವೆ. ಪಕ್ಕದಲ್ಲಿ ಸುತ್ತಿದ ಟಿಕ್ಲರ್ ಕಾಯಿಲ್ ಒಂದಿಷ್ಟು ಸಿಗ್ನಲ್ ಹಿಡಿದು ಗ್ರಿಡ್ಡಿಗೆ ವಾಪಸ್ ಕೊಡುತ್ತೆ. ಆಸಿಲೇಷನ್ (ಕರೆಂಟು ಹಿಂದೆ ಮುಂದೆ ತೂಗಾಡೋದು) ನಡೆಯುತ್ತಿರುವಾಗ ಗ್ರಿಡ್ ಲೀಕ್ ರೆಸಿಸ್ಟರಿನಲ್ಲಿ ಕರೆಂಟು ಹರಿದು ಗ್ರಿಡ್ ನೆಗೆಟಿವ್ ಆಗುತ್ತೆ. ವಾಲ್ವನ್ನು ಹದ್ದುಬಸ್ತಿನಲ್ಲಿ ಇಡೋದು ಇದೊಂದೇ. ಆಸಿಲೇಷನ್ ನಿಂತಿತೋ, ಆ ನೆಗೆಟಿವ್ ವೋಲ್ಟೇಜ್ ಮಾಯ. ವಾಲ್ವ್ ಬಾಗಿಲು ತೆರೆದು ಕೂರುತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕ್ಯಾಪಾಸಿಟರ್ ವಿಷಯ. ನನ್ನ ಕಾಯಿಲ್ 305 ಕಿಲೋಹರ್ಟ್ಸ್ ಹತ್ತಿರ ಓಡುತ್ತಿತ್ತು. ಅದಕ್ಕೆ 1 ನ್ಯಾನೋಫ್ಯಾರಡ್ ಬೇಕಿತ್ತು. ಸ್ಪಾರ್ಕ್ ಗ್ಯಾಪಿನಲ್ಲಿ ಬಾಳಿದ ಕ್ಯಾಪಾಸಿಟರುಗಳು ಇದ್ದವಲ್ಲ, ಒಂದೊಂದು 10 ನ್ಯಾನೋ, 1600 ವೋಲ್ಟ್. ಹತ್ತನ್ನು ಸೀರೀಸ್ ಮಾಡಿದರೆ 1 ನ್ಯಾನೋ, 16,000 ವೋಲ್ಟ್. ನನ್ನ ಪ್ಲೇಟ್ ಸಪ್ಲೈ ಗರಿಷ್ಠ ಅಂದ್ರೂ 5-6 ಸಾವಿರ ವೋಲ್ಟ್ ಅಷ್ಟೇ. ಮೂರು ಪಟ್ಟು ಜಾಸ್ತಿ ಇದೆ, ಇನ್ನೇನು ಬೇಕು ಅಂದುಕೊಂಡೆ.

ಆ ಕ್ಯಾಪಾಸಿಟರುಗಳ ಮೈಮೇಲೆ ಎಂಕೆಟಿ ಅಂತ ಅಚ್ಚಾಗಿತ್ತು. ಅಂದ್ರೆ ಪಾಲಿಯೆಸ್ಟರ್. ಎಂಕೆಪಿ ಅಂತಿದ್ದರೆ ಪಾಲಿಪ್ರೊಪಿಲೀನ್. ನನಗೆ ಎರಡೂ ಒಂದೇ ಆಗಿ ಕಂಡವು. 1600 ವೋಲ್ಟ್ ಅನ್ನೋದು ಡಿಸಿಗೆ. 50 ಹರ್ಟ್ಸ್ ಎಸಿಗೇ ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಲಕ್ಷಗಟ್ಟಲೆ ಹರ್ಟ್ಸ್‌ನಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ. ಅಲ್ಲಿ ಕ್ಯಾಪಾಸಿಟರನ್ನು ಕೊಲ್ಲೋದು ವೋಲ್ಟೇಜ್ ಅಲ್ಲ, ಬಿಸಿ.

ಲೆಕ್ಕ ಹಾಕಿ ನೋಡಿ. ಟ್ಯಾಂಕಿನಲ್ಲಿ 3,000 ವೋಲ್ಟ್ ಆರ್‌ಎಂಎಸ್, 1 ನ್ಯಾನೋ, 305 ಕಿಲೋಹರ್ಟ್ಸ್. ಕರೆಂಟು ಸುಮಾರು 5.75 ಆಂಪಿಯರ್. ಗುಣಿಸಿದರೆ 17 ಕಿಲೋವಾರ್ ರಿಯಾಕ್ಟಿವ್ ಪವರ್, ಅಂದ್ರೆ ಖರ್ಚಾಗದೆ ಓಡಾಡುವ ಪವರ್, ಕ್ಯಾಪಾಸಿಟರ್ ಒಳಗೆ ಹೋಗಿ ಬರುತ್ತಿರುತ್ತೆ. ಪಾಲಿಯೆಸ್ಟರ್ ಈ ಫ್ರೀಕ್ವೆನ್ಸಿಯಲ್ಲಿ ಸುಮಾರು ನೂರಕ್ಕೆ ಎರಡು ಪಾಲು ನುಂಗುತ್ತೆ. ಅಂದ್ರೆ 345 ವಾಟ್. ನನ್ನ ಸಪ್ಲೈ ಮೇನ್ಸಿನ ಪ್ರತಿ ಸೈಕಲ್ಲಿನಲ್ಲಿ ಅರ್ಧ ಹೊತ್ತು ಮಾತ್ರ ಓಡುತ್ತಿದ್ದದ್ದರಿಂದ ಅದರಲ್ಲಿ ಅರ್ಧ ಅಂತಿಟ್ಟುಕೊಳ್ಳಿ. ಹತ್ತು ಕ್ಯಾಪಾಸಿಟರಿಗೆ ಹಂಚಿದರೆ ತಲಾ 17 ವಾಟ್. ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಸಣ್ಣ ಸೋಲ್ಡರಿಂಗ್ ಐರನ್ ತುರುಕಿ ಆನ್ ಮಾಡಿದ ಹಾಗೆ. ಪಾಲಿಪ್ರೊಪಿಲೀನ್ ಆಗಿದ್ದರೆ ಎಲ್ಲ ಸೇರಿ ಹತ್ತು ವಾಟಿನ ಆಸುಪಾಸು ಇರುತ್ತಿತ್ತು.

ಹಾಗಾದರೆ ಸ್ಪಾರ್ಕ್ ಗ್ಯಾಪಿನಲ್ಲಿ ಯಾಕೆ ಸುಟ್ಟಿರಲಿಲ್ಲ? ಅಲ್ಲಿ ಆಸಿಲೇಷನ್ ಒಂದು ಕ್ಷಣ ಮಿಂಚಿ ಆರಿಹೋಗುತ್ತೆ, ಮಧ್ಯೆ ಬಿಡುವು ಜಾಸ್ತಿ. ವಾಲ್ವ್ ಬಿಡುವು ಕೊಡಲ್ಲ, ಅರ್ಧ ಸೈಕಲ್ ಪೂರ್ತಿ ತಳ್ಳುತ್ತಲೇ ಇರುತ್ತೆ. ಹಳೇ ಕಾಯಿಲಿನಲ್ಲಿ ಪಾಸಾದ ಕ್ಯಾಪಾಸಿಟರ್ ಇಲ್ಲೂ ಪಾಸಾಗುತ್ತೆ ಅಂದುಕೊಂಡಿದ್ದೇ ನನಗೆ ಮುಳುವಾಯಿತು.

ಆವತ್ತು ರಾತ್ರಿ ಮಹಡಿ ಮೇಲೆ ತಮ್ಮ ಮೇನ್ಸ್ ಹತ್ತಿರ ನಿಂತಿದ್ದ. ನಾನು ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟ್ಯಾಟ್ ಮೆಲ್ಲಗೆ ತಿರುಗಿಸಿದೆ. ಒಂದೂವರೆ ಅಡಿ ಕಿಡಿ ಎದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗೇಣುದ್ದಕ್ಕೆ ಇಳಿಯಿತು. ಪಾಲಿಯೆಸ್ಟರ್ ಬಿಸಿಯಾದರೆ ಅದರ ಕೆಪಾಸಿಟಿ ಏರುತ್ತೆ, ಫ್ರೀಕ್ವೆನ್ಸಿ ಇಳಿಯುತ್ತೆ, ಪ್ರೈಮರಿಗೂ ಕಿಡಿ ಹಾರಿಸುವ ಸೆಕೆಂಡರಿ ಕಾಯಿಲಿಗೂ ತಾಳ ತಪ್ಪುತ್ತೆ. ಇದು ಈಗ ಗೊತ್ತು. ಆಗ ನಾನು ಮಾಡಿದ್ದು, ಕಿಡಿ ಕಮ್ಮಿ ಆಯ್ತಲ್ಲ ಅಂತ ಡಿಮ್ಮರ್‌ಸ್ಟ್ಯಾಟ್ ಇನ್ನೂ ಏರಿಸಿದ್ದು. ಸುಟ್ಟ ವಾಸನೆ ಮೂಗಿಗೆ ಬಡೀತು. ಓಝೋನ್ ಇರಬೇಕು ಅಂದುಕೊಂಡೆ. ಓಝೋನ್ ಯಾವತ್ತಾದರೂ ಪ್ಲಾಸ್ಟಿಕ್ ಸುಟ್ಟ ಹಾಗೆ ನಾರುತ್ತಾ?

ಟಪ್ ಅಂತ ಒಂದು ಬಾಕ್ಸ್ ಬಿರಿಯಿತು. ಅದರ ವೋಲ್ಟೇಜ್ ಉಳಿದವುಗಳ ತಲೆಗೆ ಬಂತು, ಅವೂ ಸಾಲಾಗಿ ಹೋದವು. ಕಿಡಿ ನಿಂತಿತು. ನಾನು ಕಾಯಿಲಿನ ತುದಿಯನ್ನೇ ನೋಡುತ್ತಿದ್ದೆ. "ಅಣ್ಣಾ, ವಾಲ್ವ್ ಕೆಂಪಾಯ್ತು!" ಅಂತ ತಮ್ಮ ಕೂಗಿದ. ತಿರುಗಿದರೆ ಪ್ಲೇಟ್ ಕೆಂಪು ದಾಟಿ ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಆಸಿಲೇಷನ್ ಇಲ್ಲ, ಗ್ರಿಡ್ಡಿಗೆ ನೆಗೆಟಿವ್ ಇಲ್ಲ, ಸಪ್ಲೈ ಪೂರ್ತಿ ವಾಲ್ವಿನ ಮೈಮೇಲೆ. ಗಾಳಿ ಬೀಸಿದರೂ 400 ವಾಟ್ ತಡೆಯುವ ಪ್ಲೇಟ್ ಅದು. ತಮ್ಮ ಮೇನ್ಸ್ ಆಫ್ ಮಾಡುವಷ್ಟರಲ್ಲಿ ಗಾಜು ಸೀಲಿನ ಹತ್ತಿರ ಸೀಳಿತ್ತು. 16 ಆಂಪಿಯರ್ ಎಂಸಿಬಿ ಟ್ರಿಪ್ಪೇ ಆಗಿರಲಿಲ್ಲ. ಅದರ ಲೆಕ್ಕದಲ್ಲಿ ಗೀಸರ್ ಹಾಕಿದಷ್ಟೇ ಲೋಡು.

ಎರಡು ವಾಲ್ವ್ ಇದ್ದಿದ್ದರೆ ಎರಡೂ ಹೋಗುತ್ತಿದ್ದವು, ಅಷ್ಟೇ ವ್ಯತ್ಯಾಸ. ಇನ್ನೊಂದು, ಕಿಡಿಯ ಉದ್ದ ಹೆಚ್ಚುಕಮ್ಮಿ ಪವರಿನ ವರ್ಗಮೂಲದ ಹಾಗೆ ಬೆಳೆಯುತ್ತೆ. ಪವರ್ ಡಬಲ್ ಮಾಡಿದರೆ ಕಿಡಿ ಒಂದೂವರೆ ಪಟ್ಟೂ ಆಗಲ್ಲ. ಮನೆಯಲ್ಲಿ ಒಂದು 833ಎ ಹಾಕಿದರೆ ಒಂದೂವರೆ-ಎರಡು ಅಡಿ ಬರುತ್ತೆ. ಒಂದು ಮೀಟರ್ ಆಸೆ ಬಿಡಿ. ಎರಡನೇ ವಾಲ್ವಿನ ದುಡ್ಡನ್ನು ಕ್ಯಾಪಾಸಿಟರಿಗೆ ಹಾಕಿ. ಮೈಮೇಲೆ ಕಿಲೋವಾರ್ ಎಷ್ಟು ಅಂತ ಬರೆದಿರುವ ಸೆರಾಮಿಕ್ ಟ್ರಾನ್ಸ್‌ಮಿಟರ್ ಕ್ಯಾಪಾಸಿಟರ್ ಹುಡುಕಿ. ರಷ್ಯಾದ ಕೆ15ಯು-1 ಮಾದರಿಯವು ಹಳೇ ಸ್ಟಾಕಿನಲ್ಲಿ ಸಿಗುತ್ತವೆ, ನಾನು ಆಮೇಲೆ ಹಾಕಿದ್ದು ಅದನ್ನೇ. ವೋಲ್ಟ್ ಮಾತ್ರ ಹೇಳಿ ಕಿಲೋವಾರ್ ಹೇಳದ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಗ್ರಿಡ್ ಲೀಕ್ ರೆಸಿಸ್ಟರಿನ ಕೆಳತುದಿಗೆ ಒಂದು ಮಿಲಿಆಂಪ್ ಮೀಟರ್ ಹಾಕಿ. ಅದರ ಮುಳ್ಳು ಸೊನ್ನೆಗೆ ಬಿದ್ದ ಕೂಡಲೇ ಹೈವೋಲ್ಟೇಜ್ ತೆಗೆಯಿರಿ. ಕಣ್ಣು ಕಿಡಿ ಮೇಲಲ್ಲ, ಮುಳ್ಳಿನ ಮೇಲಿರಲಿ. ಪವರ್ ಕಮ್ಮಿ ಮಾಡೋಕೆ ಸ್ಟಕಾಟೊ ಸರ್ಕ್ಯೂಟ್ ಸೇರಿಸಿ. ಕ್ಯಾಥೋಡಿನಲ್ಲಿ, ಅಂದ್ರೆ ಫಿಲಮೆಂಟಿನ ದಾರಿಯಲ್ಲಿ, ಒಂದು ಎಸ್‌ಸಿಆರ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಕೂತು ಮೇನ್ಸಿನ ಕೆಲವು ಸೈಕಲ್ ಬಿಟ್ಟು ಒಂದೊಂದನ್ನೇ ಒಳಗೆ ಬಿಡುತ್ತೆ. ಕಿಡಿಯ ಉದ್ದ ಅಷ್ಟೇ ಇರುತ್ತೆ, ಬಿಸಿ ಮಾತ್ರ ಎಷ್ಟೋ ಇಳಿಯುತ್ತೆ.

ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಬಗ್ಗೆ ನನಗೆ ಮುಲಾಜಿಲ್ಲ. ನಿಯಾನ್ ಟ್ರಾನ್ಸ್‌ಫಾರ್ಮರ್ ಕರೆಂಟನ್ನು ತಾನೇ ಕೆಲವು ಹತ್ತು ಮಿಲಿಆಂಪಿಗೆ ಹಿಡಿದಿಡುತ್ತೆ. ಇದು 2,000 ವೋಲ್ಟಿನಲ್ಲಿ ಅರ್ಧ ಆಂಪಿಯರನ್ನು ಸಲೀಸಾಗಿ ಕೊಡುತ್ತೆ. ಮುಟ್ಟಿದವರು ಉಳಿಯಲ್ಲ. ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಟ್ ಮಾಡುವ ಸ್ವಿಚ್) ನಂಬಬೇಡಿ, ಆ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಕಡೆ ಏನಾದರೂ ಅದಕ್ಕೆ ಕಾಣೋದೇ ಇಲ್ಲ. ಆಫ್ ಮಾಡಿದ ಮೇಲೂ ವೋಲ್ಟೇಜನ್ನು ಮೇಲಕ್ಕೆತ್ತುವ ಲೆವೆಲ್ ಶಿಫ್ಟರಿನ ಕ್ಯಾಪಾಸಿಟರ್ ಚಾರ್ಜ್ ಹಿಡಿದಿರುತ್ತೆ, ಉದ್ದ ಕೋಲಿನಿಂದ ಶಾರ್ಟ್ ಮಾಡದೆ ಕೈ ಹಾಕಬೇಡಿ. ಹೈ ಫ್ರೀಕ್ವೆನ್ಸಿ ಶಾಕ್ ಹೊಡೆಯಲ್ಲ ಅಂತ ಕಿಡಿಗೆ ಬೆರಳು ಒಡ್ಡುವವರಿದ್ದಾರೆ. ಈ ಕಾಯಿಲಿನ ಪ್ರೈಮರಿ ನೇರವಾಗಿ ಪ್ಲೇಟ್ ಸಪ್ಲೈ ಮೇಲೆ ಕೂತಿರುತ್ತೆ, ಅಲ್ಲಿಂದ ಕಾಯಿಲಿನ ಸೆಕೆಂಡರಿಗೆ ಒಂದು ಸಲ ಹಾರಿದರೆ ಮುಗೀತು. ಒಬ್ಬರೇ ಇರುವಾಗಂತೂ ಆನ್ ಮಾಡಲೇಬೇಡಿ.

ಟೆಸ್ಲಾ ಕಾಯಿಲಿನ ಸೆಕೆಂಡರಿಗೆ ಮನೆಯ ಅರ್ಥಿಂಗ್ ಕೊಡಬೇಡಿ, ಹೊರಗೆ ಬೇರೆ ರಾಡ್ ಹೊಡೆಯಿರಿ.

ಬೆಂಗಳೂರಲ್ಲಿದ್ದರೆ ಫ್ರೀಕ್ವೆನ್ಸಿಯನ್ನು 306 ಕಿಲೋಹರ್ಟ್ಸ್ ಹತ್ತಿರ ಇಡಬೇಡಿ, ಅದರ ಎರಡರಷ್ಟು ಅಂದ್ರೆ 612, ಆಕಾಶವಾಣಿಯ ಜಾಗ. ಪಕ್ಕದ ಮನೆ ತಾತನ ರೇಡಿಯೋದಲ್ಲಿ ವಾರ್ತೆ ಬದಲು ನನ್ನ ಕಾಯಿಲ್ ಗೊರಗುಟ್ಟಿ, ಅವರು ಕೋಲು ಹಿಡಿದು ಮಹಡಿ ಹತ್ತಿದ್ದು ಬೇರೆ ಕಥೆ. ನಿಮ್ಮ ಸೆಕೆಂಡರಿ ಪೈಪಿನ ದಪ್ಪ, ಸುತ್ತಿದ ಉದ್ದ, ತಂತಿಯ ಗೇಜ್ ಇಲ್ಲಿ ಬರೆಯಿರಿ. ಫ್ರೀಕ್ವೆನ್ಸಿ ಎಲ್ಲಿ ಬೀಳುತ್ತೆ, ಎಷ್ಟು ಕಿಲೋವಾರಿನ ಕ್ಯಾಪಾಸಿಟರ್ ಬೇಕು ಅಂತ ಲೆಕ್ಕ ಮಾಡಿ ಹೇಳ್ತೀನಿ. ಅಲ್ಲಿವರೆಗೆ ವಾಲ್ವಿಗೆ ದುಡ್ಡು ಕೊಡಬೇಡಿ.